ಮೀಟರ್ ಮೊದಲು ಮನೆಯವರ ಜೊತೆ ಮಾತಾಡಲಿ

(ದಾವಣಗೆರೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ನಿಮ್ಮಲ್ಲಿ ತೋಟ ಇರುವವರು ಎಷ್ಟು ಜನ? ಕೈ ಎತ್ತಿ ನೋಡೋಣ. ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ಹಾಗಾದರೆ ನನ್ನ ಕೆಲಸ ಸುಲಭ. ಇವತ್ತು ಮಾತಾಡಬೇಕಿರೋದು ಮನೆಯ ಸ್ಮಾರ್ಟ್ ಸಾಮಾನುಗಳ ಬಗ್ಗೆ, ಕರೆಂಟ್ ಮೀಟರ್ ಬಗ್ಗೆ. ತಂತಿ ಇಲ್ಲದೆ ಮಾತಾಡುವ ಯಂತ್ರ ಅಂದರೆ ಏನು ಅಂತ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಅದು ನಿಮ್ಮ ಪಂಪ್‌ಸೆಟ್ ಪೆಟ್ಟಿಗೆಯೊಳಗೆ ವರ್ಷಗಳಿಂದ ಕೂತಿದೆ.

ಚನ್ನಗಿರಿ ಕಡೆ ನಮ್ಮ ಚಿಕ್ಕಪ್ಪನ ಅಡಿಕೆ ತೋಟ ಇದೆ. ಮನೆಯಿಂದ ಒಂದೂವರೆ ಕಿಲೋಮೀಟರ್ ದೂರ. ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದರೆ ಟಾರ್ಚ್ ಒಂದು ಕೈಯಲ್ಲಿ, ಕೋಲು ಇನ್ನೊಂದು ಕೈಯಲ್ಲಿ ಹಿಡಿದು ಹೋಗಿ ಮೋಟಾರ್ ಹಾಕಿ ಬರಬೇಕಿತ್ತು. ಹೋದಮೇಲೆ ಕರೆಂಟ್ ಇರುತ್ತೆ ಅನ್ನೋ ಭರವಸೆಯೂ ಇಲ್ಲ. ಬದುವಿನ ಮೇಲೆ ಹಾವು ಕಂಡ ರಾತ್ರಿಗಳು ಎಷ್ಟೋ. ಚಿಕ್ಕಪ್ಪ ವಾಪಸ್ ಬರುವವರೆಗೂ ಚಿಕ್ಕಮ್ಮ ಬಾಗಿಲಲ್ಲೇ ಕೂತಿರುತ್ತಿದ್ದರು. ಆಮೇಲೆ ಮೊಬೈಲ್ ಸ್ಟಾರ್ಟರ್ ಬಂತು. ಒಂದು ಸಿಮ್ ಹಾಕಿದ ಸಣ್ಣ ಡಬ್ಬಿ. ಮನೆಯಿಂದಲೇ ಅದಕ್ಕೆ ಫೋನ್ ಮಾಡಿ ಒಂದು ಒತ್ತಿದರೆ ಮೋಟಾರ್ ಶುರು.

ಚಿಕ್ಕಪ್ಪನಿಗೆ ಅದರಲ್ಲಿ ಇಷ್ಟವಾದದ್ದು ಯಾವುದು ಗೊತ್ತಾ? ಮೋಟಾರ್ ಶುರು ಮಾಡೋದಲ್ಲ. ಅದು ತಾನಾಗಿ ಫೋನ್ ಮಾಡುತ್ತಲ್ಲ, ಅದು. ಕರೆಂಟ್ ಬಂದರೆ ಫೋನ್ ಮಾಡುತ್ತೆ. ಬೋರ್‌ನಲ್ಲಿ ನೀರು ಕಡಿಮೆಯಾಗಿ ಮೋಟಾರ್ ನಿಂತರೆ ಫೋನ್ ಮಾಡುತ್ತೆ. ಕನ್ನಡದಲ್ಲೇ ಹೇಳುತ್ತೆ. "ಇದು ನನಗೆ ಹೇಳಿ ಮಾಡುತ್ತೆ ಕಣೋ" ಅಂತ ಅವರು ಬಂದವರಿಗೆಲ್ಲ ತೋರಿಸುತ್ತಿದ್ದರು.

ಆ ಮಾತನ್ನ ನಾನು ಮರೆತಿಲ್ಲ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಯಾವ ಸ್ಮಾರ್ಟ್ ಸಾಮಾನು ಕೈಗೆ ಬಂದರೂ ನಾನು ಅದೇ ಅಳತೆಗೋಲು ಇಡುತ್ತೇನೆ. ಇದು ಮನೆಯವರಿಗೆ ಹೇಳಿ ಮಾಡುತ್ತಾ? ಸರಿಯಾದ ಹೊತ್ತಿಗೆ ಹೇಳುತ್ತಾ? ಹೇಳಿದ್ದು ಅವರಿಗೆ ಅರ್ಥ ಆಗುತ್ತಾ? ಕೇಳಿಸಿಕೊಂಡಮೇಲೆ ಅವರು ಏನಾದರೂ ಮಾಡೋಕೆ ಆಗುತ್ತಾ?

ಅಂಗಡಿಯಲ್ಲಿ ಮೊದಲು ತೋರಿಸೋದು ಬಣ್ಣ ಬದಲಿಸುವ ಬಲ್ಬ್. ಫೋನಿನಿಂದ ಆನ್, ಫೋನಿನಿಂದ ಆಫ್. ನಮ್ಮ ಮನೆಗೂ ಒಂದು ತಂದಿದ್ದೆ. ಅಮ್ಮ ರಾತ್ರಿ ಮಲಗುವ ಮುಂಚೆ ರೂಮಿಂದ ರೂಮಿಗೆ ಹೋಗಿ ಗೋಡೆಯ ಸ್ವಿಚ್ ಎಲ್ಲ ಆಫ್ ಮಾಡುತ್ತಾರೆ. ಐವತ್ತು ವರ್ಷದ ಅಭ್ಯಾಸ, ಒಳ್ಳೆಯ ಅಭ್ಯಾಸ. ಸ್ವಿಚ್ ಆಫ್ ಆದರೆ ಬಲ್ಬಿಗೆ ಕರೆಂಟೇ ಇಲ್ಲ. ಆಮೇಲೆ ಫೋನಿನಿಂದ ಎಷ್ಟು ಕರೆದರೂ ಅದಕ್ಕೆ ಕೇಳಿಸೋದಿಲ್ಲ. ಅಮ್ಮನದು ತಪ್ಪಲ್ಲ, ಸಾಮಾನು ಇಟ್ಟ ಜಾಗ ತಪ್ಪು. ಬುದ್ಧಿ ಬಲ್ಬಿನಲ್ಲಿ ಇರಬಾರದು, ಸ್ವಿಚ್‌ಬೋರ್ಡಿನ ಹಿಂದೆ ಇರಬೇಕು. ಬೆಂಕಿಪೊಟ್ಟಣದಷ್ಟು ಚಿಕ್ಕ ರಿಲೇ ಸಿಗುತ್ತೆ, ಅಂದರೆ ಫೋನಿನ ಮಾತು ಕೇಳಿ ಆನ್ ಆಫ್ ಆಗುವ ಸ್ವಿಚ್. ಅದನ್ನ ಬೋರ್ಡಿನ ಒಳಗೆ ಕೂರಿಸಿದರೆ ಗೋಡೆಯ ಸ್ವಿಚ್ಚೂ ಕೆಲಸ ಮಾಡುತ್ತೆ, ಫೋನೂ ಮಾಡುತ್ತೆ. ಅದಕ್ಕೆ ನ್ಯೂಟ್ರಲ್ ತಂತಿ ಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಅದೇ ಬೋರ್ಡಿನಲ್ಲಿ ಸಾಕೆಟ್ ಇರೋದರಿಂದ ನ್ಯೂಟ್ರಲ್ ಅಲ್ಲೇ ಸಿಗುತ್ತೆ. ಕೂರಿಸೋದು ಮಾತ್ರ ಎಲೆಕ್ಟ್ರಿಷಿಯನ್ ಕೆಲಸ, ನೀವೇ ಕೈ ಹಾಕಬೇಡಿ.

ಇನ್ನು ಈ ಸಾಮಾನುಗಳು ಮಾತಾಡೋದು ಹೇಗೆ ಅನ್ನೋದು. ವೈಫೈ ನಿಮಗೆಲ್ಲ ಗೊತ್ತು. ಪ್ಲಗ್, ಬಲ್ಬ್, ಕ್ಯಾಮೆರಾ, ಬಹುಪಾಲು ಎಲ್ಲ 2.4 ಗಿಗಾಹರ್ಟ್ಸ್ ವೈಫೈ ಕೇಳುತ್ತವೆ. ಮನೆಯ ರೌಟರ್ 5 ಗಿಗಾಹರ್ಟ್ಸ್‌ನಲ್ಲೂ ಇನ್ನೊಂದು ಹೆಸರು ಬಿತ್ತರಿಸುತ್ತಿರುತ್ತೆ. ಫೋನು ಆ 5ಕ್ಕೆ ಅಂಟಿಕೊಂಡಿದ್ದರೆ ಹೊಸ ಪ್ಲಗ್ ಜೋಡಣೆ ಆಗಲ್ಲ. "ಸಾರ್, ಡಬ್ಬಾ ಪ್ಲಗ್ ಕೊಟ್ಟಿದ್ದಾರೆ" ಅಂತ ನನಗೆ ಬರುವ ಹತ್ತು ಫೋನಿನಲ್ಲಿ ಆರೇಳು ಇದೇ ತೊಂದರೆ. ಫೋನನ್ನ 2.4ಕ್ಕೆ ತಂದರೆ ಎರಡು ನಿಮಿಷದಲ್ಲಿ ಸರಿಹೋಗುತ್ತೆ.

ಇನ್ನೊಂದು ದಾರಿ ಜಿಗ್ಬಿ. ಅದೂ ಅದೇ 2.4ರಲ್ಲೇ ಓಡೋದು, ಆದರೆ ತುಂಬಾ ಕಡಿಮೆ ಶಕ್ತಿಯಲ್ಲಿ. ಬಾಗಿಲಿಗೆ ಹಾಕುವ ಸೆನ್ಸರ್ ಒಂದು ಬಟನ್ ಸೆಲ್ ಮೇಲೆ ವರ್ಷಕ್ಕೂ ಮೇಲೆ ನಡೆಯುತ್ತೆ. ಅಷ್ಟು ಮೆಲ್ಲಗೆ ಮಾತಾಡಿದರೆ ದೂರಕ್ಕೆ ಕೇಳಿಸೋದು ಹೇಗೆ? ಚಿತ್ರದುರ್ಗದ ಕೋಟೆ ಹತ್ತಿದವರು ಬತ್ತೇರಿಗಳನ್ನ ನೋಡಿರುತ್ತೀರಿ. ಬೆಟ್ಟದ ತುದಿತುದಿಗೆ ಒಂದೊಂದು. ಒಂದು ಬತ್ತೇರಿಯ ಕಾವಲುಗಾರ ಪಕ್ಕದ ಬತ್ತೇರಿಗೆ ಕೂಗಿ ಹೇಳಿದ, ಅವನು ಅದರಾಚೆಗೆ ಹೇಳಿದ ಅಂದುಕೊಳ್ಳಿ. ಯಾರೂ ಇಡೀ ಕೋಟೆಗೆ ಕೇಳುವ ಹಾಗೆ ಕಿರುಚಬೇಕಿಲ್ಲ. ಜಿಗ್ಬಿಯ ಮೆಶ್ ಅನ್ನೋದು ಇದೇ. ಒಂದು ಪ್ಲಗ್ ಕೇಳಿಸಿಕೊಂಡದ್ದನ್ನ ಮುಂದಿನ ಪ್ಲಗ್ಗಿಗೆ ದಾಟಿಸುತ್ತೆ. ನಡುವಿನದು ಒಂದು ಕೆಟ್ಟರೆ ಸುದ್ದಿ ಬೇರೆ ದಾರಿ ಹುಡುಕುತ್ತೆ. ಒಂದು ವಿಷಯ ನೆನಪಿಡಿ. ದಾಟಿಸುವ ಕೆಲಸ ಮಾಡೋದು ಕರೆಂಟಿಗೆ ಹಾಕಿದ ಸಾಮಾನು ಮಾತ್ರ. ಸೆಲ್ ಮೇಲೆ ನಡೆಯುವವು ತಮ್ಮ ಮಾತು ಹೇಳಿ ನಿದ್ದೆ ಮಾಡುತ್ತವೆ. ಹಾಗಾಗಿ ನಮ್ಮ ಕಡೆಯ ಹಳೇ ಕಲ್ಲುಗೋಡೆಯ ಮನೆಗಳಲ್ಲಿ ನಡುಮನೆಗೊಂದು, ಹಿತ್ತಿಲ ಬಾಗಿಲಿಗೊಂದು ಪ್ಲಗ್ ಇರಲೇಬೇಕು.

ಇಲ್ಲಿ ನನ್ನದೇ ಒಂದು ನೋವಿನ ಕಥೆ ಹೇಳಬೇಕು. ಕೆಲವು ವರ್ಷದ ಹಿಂದೆ ಆರು ವೈಫೈ ಪ್ಲಗ್ ತಂದೆ. ಚೆನ್ನಾಗಿಯೇ ಇದ್ದವು. ಒಂದು ದಿನ ಆ ಕಂಪನಿ ತನ್ನ ಸರ್ವರ್ ಮುಚ್ಚಿತು. ಪ್ಲಗ್ ನಮ್ಮ ಗೋಡೆಯಲ್ಲಿ, ಫೋನ್ ನಮ್ಮ ಕೈಯಲ್ಲಿ, ನಡುವೆ ಹತ್ತು ಅಡಿ. ಆದರೂ ಒಂದರ ಮಾತು ಇನ್ನೊಂದಕ್ಕೆ ಮುಟ್ಟಲಿಲ್ಲ. ಯಾಕೆಂದರೆ ಆ ಮಾತು ಸಮುದ್ರದಾಚೆ ಎಲ್ಲೋ ಹೋಗಿ ಬರಬೇಕಿತ್ತು. ಆರಕ್ಕೆ ಆರೂ ಮೂಲೆಗೆ ಬಿದ್ದವು. ಅವತ್ತಿಂದ ಒಂದೇ ಪ್ರಶ್ನೆ ಕೇಳಿ ತಗೊಳ್ಳುತ್ತೇನೆ: ಇಂಟರ್ನೆಟ್ ಇಲ್ಲದಿದ್ದರೂ ಮನೆಯೊಳಗೆ ಇದು ಕೆಲಸ ಮಾಡುತ್ತಾ? ಜಿಗ್ಬಿ ಮಾಡುತ್ತೆ. 2022ರ ಅಕ್ಟೋಬರ್‌ನಲ್ಲಿ ಮ್ಯಾಟರ್ ಅನ್ನೋ ಒಪ್ಪಂದದ ಮೊದಲ ಆವೃತ್ತಿ ಬಂತು. ಬೇರೆಬೇರೆ ಕಂಪನಿಗಳ ಸಾಮಾನು ಒಂದೇ ಭಾಷೆಯಲ್ಲಿ, ಮನೆಯೊಳಗೇ ಮಾತಾಡಬೇಕು ಅನ್ನೋದು ಅದರ ಉದ್ದೇಶ. ಡಬ್ಬಿಯ ಮೇಲೆ ಆ ಗುರುತು ಇದ್ದರೆ ನಾಲ್ಕು ಕಾಸು ಜಾಸ್ತಿ ಕೊಡಿ, ತಪ್ಪಿಲ್ಲ.

ಈಗ ಮೀಟರ್ ಕಡೆಗೆ ಬರೋಣ. ಬಳಕೆಯ ಲೆಕ್ಕವನ್ನ ತಾನಾಗೇ ಕರೆಂಟ್ ಕಂಪನಿಗೆ ಕಳಿಸುವ ಮೀಟರ್‌ಗೆ ಸ್ಮಾರ್ಟ್ ಮೀಟರ್ ಅನ್ನುತ್ತಾರೆ. ಸ್ಮಾರ್ಟ್ ಮೀಟರ್ ಅಂದ ತಕ್ಷಣ ಜನ "ನಮ್ಮ ವೈಫೈಗೆ ಸೇರಿಸುತ್ತಾರಾ?" ಅಂತ ಕೇಳುತ್ತಾರೆ. ಇಲ್ಲ. ಅದರ ದಾರಿಯೇ ಬೇರೆ. ಅದರೊಳಗೆ ಮೊಬೈಲ್ ಸಿಮ್ ಇರುತ್ತೆ. ಇಲ್ಲದಿದ್ದರೆ 865 ಮೆಗಾಹರ್ಟ್ಸ್ ಆಸುಪಾಸಿನ ರೇಡಿಯೋ ಇರುತ್ತೆ. ನಮ್ಮ ದೇಶದಲ್ಲಿ ಆ ತರಂಗಪಟ್ಟಿಗೆ ಲೈಸೆನ್ಸ್ ಬೇಕಿಲ್ಲ. 2.4ಕ್ಕಿಂತ ಅದು ಗೋಡೆ ದಾಟೋದರಲ್ಲಿ ಗಟ್ಟಿ. ಮೀಟರ್‌ನಿಂದ ಮೀಟರ್‌ಗೆ ದಾಟಿ, ಕಂಬದ ಮೇಲಿನ ಪೆಟ್ಟಿಗೆಗೆ ಹೋಗಿ, ಅಲ್ಲಿಂದ ಕಂಪನಿಯ ಕಂಪ್ಯೂಟರ್‌ಗೆ. ಮತ್ತೆ ಬತ್ತೇರಿಯೇ.

ಹದಿನೈದು ನಿಮಿಷಕ್ಕೋ ಅರ್ಧ ಗಂಟೆಗೋ ಒಮ್ಮೆ ಎಷ್ಟು ಕರೆಂಟ್ ಸುಟ್ಟಿದ್ದೀರಿ ಅನ್ನೋದನ್ನ ಅದು ಬರೆದಿಟ್ಟುಕೊಳ್ಳುತ್ತೆ. ಅಂದರೆ ನಿಮ್ಮ ಮನೆಯ ಸುದ್ದಿ ಮೀಟರ್‌ನಿಂದ ಹೊರಟು ಕಂಪನಿಗೆ ಹೋಗುತ್ತೆ. ಆಮೇಲೆ ಅಲ್ಲಿಂದ ಆ್ಯಪ್ ಮೂಲಕ ನಿಮ್ಮ ಫೋನಿಗೆ ಬರಬೇಕು. ನಾಲ್ಕು ಹೆಜ್ಜೆ ದೂರದ ಗೋಡೆಯ ಮೇಲಿರುವ ಮೀಟರ್‌ನ ಮಾತು ಊರೆಲ್ಲ ಸುತ್ತಿ ನಿಮಗೆ ಬರುತ್ತೆ. ಇಂಗ್ಲೆಂಡಿನಲ್ಲಿ ಹೀಗೆ ಮಾಡಲಿಲ್ಲ. ಅಲ್ಲಿ ಸ್ಮಾರ್ಟ್ ಮೀಟರ್ ಹಾಕುವಾಗ ಅಡುಗೆಮನೆಯಲ್ಲಿ ಇಡೋಕೆ ಒಂದು ಪುಟ್ಟ ಪರದೆಯನ್ನೂ ಕೊಡುತ್ತಾರೆ. ಮೀಟರ್ ಜಿಗ್ಬಿಯಲ್ಲಿ ನೇರವಾಗಿ ಅದರ ಜೊತೆ ಮಾತಾಡುತ್ತೆ. ಕೆಟಲ್ ಹಚ್ಚಿದರೆ ಕೆಲವು ಸೆಕೆಂಡಿನಲ್ಲಿ ಅಂಕಿ ಮೇಲೇರೋದು ಕಾಣುತ್ತೆ. ನನಗೆ ಬೇಕಿರೋದು ಇದು. ಕಂಪನಿಗೆ ಹೇಳಲಿ, ಬೇಡ ಅನ್ನಲ್ಲ. ಆದರೆ ಮನೆಯವರಿಗೆ ಮೊದಲು ಹೇಳಲಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನಮ್ಮ ರಾಜ್ಯದಲ್ಲಿ 200 ಅನ್ನೋ ಒಂದು ಗೆರೆ ಇದೆ. ಗೃಹಜ್ಯೋತಿ ನಿಮಗೆಲ್ಲ ಗೊತ್ತು. 2023ರ ಆಗಸ್ಟ್ ಬಿಲ್ಲಿನಿಂದ ಶುರುವಾದದ್ದು. 2022-23ರ ನಿಮ್ಮ ಸರಾಸರಿ ಬಳಕೆ, ಅದರ ಮೇಲೆ ಶೇ 10, ಅಷ್ಟು ಉಚಿತ. ಅದನ್ನ ದಾಟಿದರೆ ದಾಟಿದ್ದಕ್ಕೆ ಮಾತ್ರ ದುಡ್ಡು. ಆದರೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ತಿಂಗಳ ಕೊನೆಯಲ್ಲಿ 199ಕ್ಕೆ ನಿಂತ ಮನೆಗೂ 201 ಆದ ಮನೆಗೂ ಇರೋ ದೂರ ಎರಡು ಯೂನಿಟ್. ದುಡ್ಡಿನಲ್ಲಿ ಸಾವಿರಕ್ಕೂ ಮೇಲೆ.

ನಮ್ಮ ಅತ್ತಿಗೆಯ ಮನೆ ಇಲ್ಲೇ ವಿದ್ಯಾನಗರದಲ್ಲಿ. ಯಾವಾಗಲೂ 180ರ ಆಸುಪಾಸು ಬರುತ್ತಿತ್ತು, ಬಿಲ್ ಸೊನ್ನೆ. ಒಂದು ತಿಂಗಳು ಇದ್ದಕ್ಕಿದ್ದಂತೆ 208. ಬಿಲ್ಲು ಸಾವಿರದ ಆರುನೂರು ಚಿಲ್ಲರೆ. ಮುಂದಿನ ತಿಂಗಳು 211. "ಮೀಟರ್ ಓಡ್ತಾ ಇದೆ, ಬದಲಾಯಿಸಿ ಅಂತ ಅರ್ಜಿ ಕೊಡ್ತೀನಿ" ಅಂದರು ಅತ್ತಿಗೆ. ಮನೆಯಲ್ಲಿ ಹೊಸದೇನೂ ಬಂದಿರಲಿಲ್ಲ. ಎಸಿ ಇಲ್ಲ. ಮಗಳ ಮೇಲೆ ಫ್ಯಾನ್ ಆಫ್ ಮಾಡಲ್ಲ ಅಂತ ಬೈಗುಳ ಬೇರೆ.

ನಾನು ಒಂದು ಶನಿವಾರ ನಮ್ಮ ಎಲೆಕ್ಟ್ರಿಷಿಯನ್ ಹುಡುಗನ್ನ ಕರೆದುಕೊಂಡು ಹೋದೆ. ಮೀಟರ್‌ನಿಂದ ಒಳಗೆ ಬರುವ ಫೇಸ್ ತಂತಿಗೆ ಒಂದು ಕ್ಲಾಂಪ್ ಹಾಕಿಸಿದೆ. ಬಟ್ಟೆ ಒಣಗಿಸುವ ಕ್ಲಿಪ್ ಥರ ತಂತಿಯನ್ನ ಹಿಡಿದುಕೊಳ್ಳುತ್ತೆ, ಏನನ್ನೂ ಕತ್ತರಿಸಬೇಕಿಲ್ಲ. ಎಷ್ಟು ಕರೆಂಟ್ ಓಡುತ್ತಿದೆ ಅನ್ನೋ ಅಂಕಿಯನ್ನ ಅದರ ಡಬ್ಬಿ ವೈಫೈಯಲ್ಲಿ ಫೋನಿಗೆ ಕಳಿಸುತ್ತೆ. ರಾತ್ರಿ ಅಲ್ಲೇ ಉಳಿದೆವು. ಎಲ್ಲರೂ ನಡುಮನೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತಾ ಫೋನ್ ನೋಡುತ್ತಾ ಕೂತಿದ್ದೆವು. ಟಿವಿ ಆಫ್ ಮಾಡಿದರೆ ಇಷ್ಟು ಇಳಿಯಿತು, ಫ್ಯಾನ್ ಹಾಕಿದರೆ ಅಷ್ಟು ಏರಿತು ಅಂತ ಅತ್ತಿಗೆಯ ಮಗಳು ಆಟ ಶುರು ಮಾಡಿದಳು. ಹಳೇ ಫ್ಯಾನಿಗೆ 75 ವ್ಯಾಟ್, ಮೇಲಿನ ರೂಮಿನ ಹೊಸ ಬಿಎಲ್‌ಡಿಸಿ (ಕಡಿಮೆ ಕರೆಂಟ್ ಎಳೆಯುವ ಮೋಟಾರಿನ) ಫ್ಯಾನಿಗೆ 30. ಅದನ್ನ ಅವಳು ತಾನೇ ಕಂಡುಹಿಡಿದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಬೆಳಿಗ್ಗೆ ಗ್ರಾಫ್ ತೆಗೆದೆವು. ಎಲ್ಲರೂ ಮಲಗಿದ ಮೇಲೆ ಗೆರೆ ನೆಲಕ್ಕೆ ಹತ್ತಿರ, ನಡುನಡುವೆ ಫ್ರಿಜ್‌ನ ಸಣ್ಣ ದಿಬ್ಬ. ಸರಿ. ಆದರೆ 12 ಗಂಟೆ 40ಕ್ಕೆ ಒಂದು ಗೋಪುರ. 2,000 ವ್ಯಾಟ್ ಮೇಲೆ, ನಾಲ್ಕು ನಿಮಿಷ, ಮತ್ತೆ ಇಳಿಯಿತು. 3 ಗಂಟೆ 45ಕ್ಕೆ ಇನ್ನೊಂದು, ಅಷ್ಟೇ ಎತ್ತರ, ಅಷ್ಟೇ ಅಗಲ. ಮನೆಯಲ್ಲಿ 2,000 ವ್ಯಾಟ್ ಎಳೆಯುವ ಸಾಮಾನು ಒಂದೇ, ಗೀಸರ್. ಆದರೆ ಅತ್ತಿಗೆ ಕೆಳಗಿನ ಗೀಸರ್ ಆಫ್ ಮಾಡಿಯೇ ಮಲಗಿದ್ದರು. ನಾನೂ ನೋಡಿದ್ದೆ.

ಮಗಳು ಮೇಲೆ ಓಡಿದಳು. ಮಹಡಿಯ ಬಚ್ಚಲಲ್ಲಿ ಇನ್ನೊಂದು 25 ಲೀಟರ್ ಗೀಸರ್, ನೆಂಟರು ಬಂದಾಗ ಮಾತ್ರ ಬಳಸೋದು. ಅದರ ಸ್ವಿಚ್ ಆನ್ ಆಗಿತ್ತು. ಸ್ವಿಚ್ಚಿನೊಳಗಿನ ಕೆಂಪು ದೀಪ ಕೆಟ್ಟುಹೋಗಿದ್ದರಿಂದ ಆನ್ ಇರೋದು ಯಾರಿಗೂ ಕಂಡಿಲ್ಲ. ಎರಡು ತಿಂಗಳ ಹಿಂದೆ ಊರ ಹಬ್ಬಕ್ಕೆ ನೆಂಟರು ಬಂದಿದ್ದರಲ್ಲ, ಅವತ್ತಿಂದ. ಯಾರೂ ಸ್ನಾನ ಮಾಡದ ನೀರು ಆರುತ್ತಿತ್ತು, ಗೀಸರ್ ಮತ್ತೆ ಕಾಯಿಸುತ್ತಿತ್ತು. ಹಗಲು ರಾತ್ರಿ ಸೇರಿ ದಿನಕ್ಕೆ ಎಂಟು ಸಲ. ದಿನಕ್ಕೆ ಒಂದು ಯೂನಿಟ್ ಚಿಲ್ಲರೆ. ತಿಂಗಳಿಗೆ ಮೂವತ್ತು. 180ರ ಮನೆ 200ರ ಗೆರೆ ದಾಟಿದ್ದು ಹೀಗೆ. ಮೀಟರ್ ಸರಿಯಾಗಿಯೇ ಇತ್ತು.

ಮೀಟರ್ ಮೇಲೆ ನಿಜವಾಗಿ ಅನುಮಾನ ಇದ್ದವರಿಗೂ ದಾರಿ ಇದೆ. ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ಆದ ತಿದ್ದುಪಡಿ ಪ್ರಕಾರ, ಬಳಕೆಗೂ ರೀಡಿಂಗ್‌ಗೂ ತಾಳೆ ಇಲ್ಲ ಅಂತ ನೀವು ದೂರು ಕೊಟ್ಟರೆ ಐದು ದಿನದೊಳಗೆ ಇನ್ನೊಂದು ಮೀಟರ್ ಪಕ್ಕದಲ್ಲಿ ಹಾಕಿ ತಾಳೆ ನೋಡಬೇಕು.

ಈ ಅತ್ತಿಗೆಯ ಮನೆಯಲ್ಲಿ ನನಗೆ ಕಾಡಿದ್ದು ಬೇರೆ. ಬಿಲ್ ಕೈಗೆ ಬಂದಾಗ ತಿಂಗಳು ಮುಗಿದಿತ್ತು. ಏನೂ ಮಾಡೋಕೆ ಬರಲ್ಲ. ಅದೇ 20ನೇ ದಿನಕ್ಕೆ ಒಂದು ಮೆಸೇಜ್ ಬಂದಿದ್ದರೆ? "ಈವರೆಗೆ 139 ಯೂನಿಟ್ ಆಗಿದೆ. ಹೀಗೇ ಹೋದರೆ ತಿಂಗಳಿಗೆ 208 ಆಗುತ್ತೆ, 200 ದಾಟುತ್ತೆ. ರಾತ್ರಿ 12ರ ಮೇಲೂ ದೊಡ್ಡದೊಂದು ಸಾಮಾನು ಓಡುತ್ತಿದೆ, ನೋಡಿಕೊಳ್ಳಿ." ಇಷ್ಟೇ. ಸ್ಮಾರ್ಟ್ ಮೀಟರ್‌ನ ಲೆಕ್ಕ ಇದ್ದರೆ ಕಂಪ್ಯೂಟರ್‌ಗೆ ಇದು ಕಷ್ಟದ ಕೆಲಸವೇ ಅಲ್ಲ. ಹಾಕಿದ ಸ್ಮಾರ್ಟ್ ಮೀಟರ್ ರೀಡಿಂಗ್ ದಿನಕ್ಕೆ ಒಮ್ಮೆಯಾದರೂ ತೆಗೆಯಬೇಕು, ಬಳಕೆಯ ಲೆಕ್ಕವನ್ನ ಆ್ಯಪ್‌ನಲ್ಲೋ ಎಸ್‌ಎಂಎಸ್‌ನಲ್ಲೋ ಗ್ರಾಹಕರಿಗೆ ಕೊಡಬೇಕು ಅಂತ ಅದೇ ನಿಯಮಗಳಲ್ಲಿ ಇದೆ. ಕೇಳೋದು ನಿಮ್ಮ ಹಕ್ಕು. ಗ್ರಾಹಕರ ಜೊತೆ ಸಂಪರ್ಕ ಅಂದರೆ ಹಬ್ಬಕ್ಕೆ ಶುಭಾಶಯ ಕಳಿಸೋದಲ್ಲ. ಈ ಒಂದು ಮೆಸೇಜ್.

ಆ ಮೆಸೇಜ್ ಯಾರಿಗೆ ಹೋಗಬೇಕು? ಇದು ಚಿಕ್ಕ ಪ್ರಶ್ನೆ ಅನ್ನಿಸಬಹುದು, ನನಗೆ ಇದೇ ದೊಡ್ಡದು. ಅತ್ತಿಗೆಯ ಮನೆಯಲ್ಲೇ ನೋಡಿ, ಆರ್‌ಆರ್ ನಂಬರ್, ಅಂದರೆ ಕರೆಂಟ್ ಸಂಪರ್ಕದ ನಂಬರ್, ತೀರಿಹೋದ ಅವರ ಮಾವನವರ ಹೆಸರಿನಲ್ಲಿ. ಅದಕ್ಕೆ ಸೇರಿಸಿದ ಮೊಬೈಲ್ ಬೆಂಗಳೂರಿನಲ್ಲಿ ಕೆಲಸ ಮಾಡೋ ಮಗನದು. ಗೀಸರ್ ಸ್ವಿಚ್ ಹತ್ತಿರ ಇರೋದು ಅತ್ತಿಗೆ. ಬಾಡಿಗೆ ಮನೆಯಾದರೆ ಮೆಸೇಜ್ ಓನರ್‌ಗೆ ಹೋಗುತ್ತೆ, ಅವರು ನೋಡಿ ಸುಮ್ನೆ ಅಳಿಸುತ್ತಾರೆ. ಒಂದು ಸಂಪರ್ಕಕ್ಕೆ ಎರಡು ಮೂರು ನಂಬರ್ ಸೇರಿಸೋಕೆ ಬಿಡಬೇಕು. ಓದು ಬಾರದವರಿಗೆ ಮೆಸೇಜ್ ಬದಲು ಫೋನ್ ಮಾಡಿ ಕನ್ನಡದಲ್ಲಿ ಹೇಳಬೇಕು. ನಮ್ಮ ಚಿಕ್ಕಪ್ಪನ ಸ್ಟಾರ್ಟರ್ ಇದನ್ನ ಮಾಡುತ್ತಿದೆ, ಅಲ್ವಾ?

ಅಕ್ಕಪಕ್ಕದವರ ಜೊತೆ ಹೋಲಿಸಿ ಹೇಳೋದು ಇನ್ನೊಂದು ಉಪಾಯ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಮಾರ್ಕೋಸ್ ಅನ್ನೋ ಊರಲ್ಲಿ ಮನಶ್ಶಾಸ್ತ್ರ ಓದಿದವರು ಸುಮಾರು 300 ಮನೆಗಳಲ್ಲಿ ಒಂದು ಪ್ರಯೋಗ ಮಾಡಿದರು. 2007ರಲ್ಲಿ ಅದು ಪ್ರಕಟವಾಯಿತು. ನಿಮ್ಮ ಬಳಕೆ ಇಷ್ಟು, ಬಡಾವಣೆಯ ಸರಾಸರಿ ಇಷ್ಟು ಅಂತ ಚೀಟಿ ಬರೆದು ಬಾಗಿಲಿಗೆ ತೂಗಿಬಿಟ್ಟರು. ಜಾಸ್ತಿ ಬಳಸುತ್ತಿದ್ದವರು ಇಳಿಸಿದರು. ಕಡಿಮೆ ಬಳಸುತ್ತಿದ್ದವರು ಏರಿಸಿದರು! "ಎಲ್ಲರೂ ಅಷ್ಟು ಬಳಸುತ್ತಾರೆ, ನಾವ್ಯಾಕೆ ಬಿಗಿ ಹಿಡಿಯಬೇಕು" ಅಂತ. ಇನ್ನು ಕೆಲವು ಮನೆಗಳಲ್ಲಿ, ಕಡಿಮೆ ಬಳಸಿದವರ ಚೀಟಿಯಲ್ಲಿ ಒಂದು ನಗುಮುಖವನ್ನೂ ಬರೆದಿದ್ದರು. ಅವರು ಏರಿಸಲಿಲ್ಲ. ಒಂದು ಭೇಷ್ ಅನ್ನೋ ಮಾತಿಗೆ ಅಷ್ಟು ಬೆಲೆ. ನಮ್ಮಲ್ಲಿ ಇದನ್ನ ಹಾಗೇ ತರೋದು ಬೇಡ ಅನ್ನೋದು ನನ್ನ ಅಭಿಪ್ರಾಯ. ಒಂದು ಮನೆಯಲ್ಲಿ ಮೂರು ಜನ, ಪಕ್ಕದ ಮನೆಯಲ್ಲಿ ಅಜ್ಜಿಯಿಂದ ಕೂಸಿನವರೆಗೆ ಹನ್ನೊಂದು ಜನ. ಹೋಲಿಕೆ ಅನ್ಯಾಯ ಆಗುತ್ತೆ. ಅದೇ ಮನೆಯ ಹೋದ ವರ್ಷದ ಇದೇ ತಿಂಗಳ ಜೊತೆ ಹೋಲಿಸಲಿ. ಭೇಷ್ ಅನ್ನೋದನ್ನ ಮಾತ್ರ ಬಿಡದೆ ತರಲಿ.

ಯಾವಾಗ ಬಳಸುತ್ತೀರಿ ಅನ್ನೋದೂ ಇನ್ನು ಮುಂದೆ ಮುಖ್ಯ ಆಗುತ್ತೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನೋಡುತ್ತಾ ಹೋಗುತ್ತೀರಿ. ಮುಂಗಾರಿನ ಗಾಳಿಗೆ ತಿರುಗುತ್ತವೆ. ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ, ಅದು ಹಗಲು ಮಾತ್ರ. ಕರೆಂಟ್ ಮಧ್ಯಾಹ್ನ ಬೇಕಾದಷ್ಟು, ಸಂಜೆ ಏಳಕ್ಕೆ ಎಳೆದಾಟ. ಬಿಸಿಲಿನ ಗಂಟೆಗಳಲ್ಲಿ ದರ ಶೇ 20ರಷ್ಟಾದರೂ ಕಡಿಮೆ, ಸಂಜೆಯ ಒತ್ತಡದ ಹೊತ್ತಲ್ಲಿ ಜಾಸ್ತಿ ಇರಬೇಕು ಅಂತ 2023ರಲ್ಲಿ ಕೇಂದ್ರ ನಿಯಮ ಮಾಡಿದೆ. ಇದಕ್ಕೆ ವೈರ್‌ಲೆಸ್ ಸಾಮಾನು ನಿಜವಾಗಿ ಸಹಾಯ ಮಾಡುತ್ತೆ. ಗೀಸರ್‌ಗೆ 16 ಆ್ಯಂಪ್ ಪ್ಲಗ್ ಹಾಕಿ ಹೊತ್ತು ಗೊತ್ತು ಮಾಡಬಹುದು. ಟೆರೇಸ್ ಮೇಲಿನ ಟ್ಯಾಂಕಿಗೆ ನೀರಿನ ಮಟ್ಟ ಹೇಳುವ ಸೆನ್ಸರ್ ಹಾಕಿದರೆ ಕೆಳಗೆ ಸಂಪಿನ ಮೋಟಾರ್ ಮಧ್ಯಾಹ್ನವೇ ಓಡಿ, ತುಂಬಿದಾಗ ತಾನೇ ನಿಲ್ಲುತ್ತೆ. 10 ಆ್ಯಂಪ್ ಪ್ಲಗ್ ತಂದು ಗೀಸರ್‌ಗೆ ಹಾಕಬೇಡಿ. ಕರಗಿದ ಪ್ಲಗ್ ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ.

ಒಂದು ಎಚ್ಚರಿಕೆಯ ಮಾತು. ಅತ್ತಿಗೆಯ ಮನೆಯ ಗ್ರಾಫ್ ನೋಡಿ ನನಗೆ ಗೀಸರ್ ಸಿಕ್ಕಿತು. ಅದೇ ಗ್ರಾಫ್ ನೋಡಿದರೆ ಅವರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವ ದಿನ ಮನೆ ಬೀಗ ಹಾಕಿತ್ತು ಅನ್ನೋದೂ ಗೊತ್ತಾಗುತ್ತೆ. ಬೀಗದ ಕೈ ಎಷ್ಟು ಜೋಪಾನ ಮಾಡುತ್ತೀರೋ ಆ ಲೆಕ್ಕವನ್ನೂ ಅಷ್ಟೇ ಜೋಪಾನ ಮಾಡಿ. ಆ್ಯಪ್‌ನ ಪಾಸ್‌ವರ್ಡ್ ಅಂಗಡಿಯವನು ಹಾಕಿಕೊಟ್ಟದ್ದೇ ಇದ್ದರೆ ಇವತ್ತೇ ಬದಲಾಯಿಸಿ. ಕಂಪನಿಯವರು ನಮ್ಮ ಲೆಕ್ಕವನ್ನ ಯಾರಿಗೆ ಕೊಡುತ್ತಾರೆ ಅಂತ ಬರೆದು ಕೇಳಿ.

ಪ್ಲಗ್, ಕ್ಲಾಂಪ್ ತರೋಕೆ ದುಡ್ಡು ಬೇಕು. ದುಡ್ಡು ಬೇಡದ ಒಂದು ಕೆಲಸ ಇದೆ. ಸ್ಮಾರ್ಟ್ ಅಲ್ಲದ ಎಲೆಕ್ಟ್ರಾನಿಕ್ ಮೀಟರ್‌ನ ಮುಖದ ಮೇಲೂ ಒಂದು ಕೆಂಪು ದೀಪ ಮಿಟುಕುತ್ತಾ ಇರುತ್ತೆ, ನೋಡಿದ್ದೀರಾ? ಅದು ಸುಮ್ನೆ ಮಿಟುಕಲ್ಲ. ಪಕ್ಕದಲ್ಲಿ ಬರೆದಿರುತ್ತೆ, ಯೂನಿಟ್ಟಿಗೆ ಇಷ್ಟು ಅಂತ. ಕೆಲವದರಲ್ಲಿ 3,200, ಕೆಲವದರಲ್ಲಿ 1,600. 3,200 ಸಲ ಮಿಟುಕಿದರೆ ಒಂದು ಯೂನಿಟ್. ಗೀಸರ್ ಓಡುವಾಗ ಸೆಕೆಂಡಿಗೆ ಸುಮಾರು ಎರಡು ಸಲ. ಬರೀ 10 ವ್ಯಾಟ್ ಓಡುವಾಗ ಎರಡು ನಿಮಿಷಕ್ಕೆ ಒಂದು ಸಲ.

ಇವತ್ತು ಮನೆಗೆ ಹೋದಮೇಲೆ, ಊಟ ಆಗಿ ಎಲ್ಲರೂ ಮಲಗುವ ಹೊತ್ತಿಗೆ, ಎಲ್ಲ ಆಫ್ ಮಾಡಿ. ಫ್ರಿಜ್ ಐದು ನಿಮಿಷ ಆಫ್ ಇದ್ದರೆ ಹಾಲು ಕೆಡಲ್ಲ. ಮಕ್ಕಳನ್ನ ಕರೆದುಕೊಂಡು ಮೀಟರ್ ಮುಂದೆ ನಿಂತು ಎಣಿಸಿ. ಅತ್ತಿಗೆಯ ಮಗಳು ಈಗ ವಾರಕ್ಕೊಮ್ಮೆ ಎಣಿಸುತ್ತಾಳೆ. ಹೋದ ಭಾನುವಾರ ಫೋನ್ ಮಾಡಿದ್ದಳು: "ಮಾಮ, ಎಲ್ಲ ಆಫ್ ಮಾಡಿದ್ದೀವಿ, ಆದ್ರೂ ಮೂರು ನಿಮಿಷದಲ್ಲಿ ಎರಡು ಸಲ ಮಿಟುಕಿತು." ಸೆಟ್‌ಟಾಪ್ ಬಾಕ್ಸ್ ಪ್ಲಗ್ ತೆಗೆದಿದ್ದೀರಾ ಅಂತ ಕೇಳಿದೆ. ಫೋನ್ ಇಟ್ಟು ಓಡಿದಳು.